ಒಂದೂವರೆ ಆಳಿನ ಮಂಚ

ಅಮ್ಮತ್ತಿಯ ಶೆಡ್ಡಿನಲ್ಲಿ ವ್ಯಾನು ನಿಂತು ಒಂಬತ್ತು ದಿನ.
ಬಾಗಿಲ ಮೇಲಿನ ಕೆಂಪು ಕೂಡುಗುರುತನ್ನು
ಕೆರೆದು, ಬಣ್ಣ ಬಳಿದರೂ
ಬಿಸಿಲು ಓರೆಯಾದಾಗ ಅಡಿಯಿಂದ ಎದ್ದು ಕಾಣುತ್ತದೆ,
ವಾಚು ಬಿಚ್ಚಿಟ್ಟ ಮಣಿಕಟ್ಟಿನ ಹಾಗೆ.

ತೋಟದ ಆಸ್ಪತ್ರೆ ಮುಚ್ಚಿದ ಮೇಲೆ ಹರಾಜಿಗೆ ಬಂದಿತ್ತು.
ಕೂಗಿದವರು ಇಬ್ಬರೇ:
ಹಂದಿ ಸಾಗಿಸುವ ಪೂವಯ್ಯ, ಮತ್ತೆ ನಾನು.
ಎರಡು ಸಾವಿರ ಹೆಚ್ಚು ಕೂಗಿ ಗೆದ್ದೆ.
ಸಿಸ್ಟರಿಗೆ ಇದೆಲ್ಲ ಯಾಕೆ, ಅಂದರು.
ಪಿಂಚಣಿಯಲ್ಲಿ ಪಾಲು ಕೇಳುವವರಿಲ್ಲ, ಅಂದೆ.

ವೇಲಾಯುಧ ಆಚಾರಿ ಕಿವಿಗೆ ಪೆನ್ಸಿಲು ಸಿಕ್ಕಿಸಿ ಒಳಹೊಕ್ಕ.
ಹಗಲು ಬೆಂಚು, ರಾತ್ರಿ ಮಂಚ, ಅಷ್ಟೇ ತಾನೇ?
ಅಷ್ಟೇ. ಆದರೆ ಚಕ್ರದ ಗೂಡು ಅಡ್ಡ ಬರುತ್ತದೆ,
ಗೋಡೆಯೋ ಹಲಸಿನ ಹಣ್ಣಿನ ಹೊಟ್ಟೆ, ಎಲ್ಲೂ ನೆಟ್ಟಗಿಲ್ಲ,
ಮೂಲೆಮಟ್ಟ ಇಟ್ಟಲ್ಲೆಲ್ಲ
ಅವನ ಬೈಗುಳ ಮಲಯಾಳಕ್ಕೆ ಜಾರುತ್ತದೆ.

ತೇಗ ಭಾರ, ಡೀಸೆಲ್ ತಿನ್ನುತ್ತದೆ. ಸಿಲ್ವರ್ ಓಕ್ ಸಾಕು.
ಮೂವತ್ತು ವರ್ಷ ಮೆಣಸಿನ ಬಳ್ಳಿ ಹೊತ್ತ ಮರ
ನನ್ನ ನಲವತ್ತೊಂಬತ್ತು ಕಿಲೋಗೆ ಒಲ್ಲೆ ಅಂದೀತೇ?

ಸೀಳಿ ಪಟ್ಟಿ ಮಾಡಿದ, ಎರಡೂವರೆ ಇಂಚಿನವು, ಇಪ್ಪತ್ತಮೂರು.
ಹನ್ನೆರಡು ಗೋಡೆಯ ಚೌಕಟ್ಟಿಗೆ; ಅವು ಅಲುಗವು.
ಹನ್ನೊಂದು ಮುಂದಿನ ಚೌಕಟ್ಟಿಗೆ,
ಅವುಗಳ ಸಂದಿಯಲ್ಲಿ ಇವು.
ಎಳೆದರೆ ಬರಬೇಕು, ದೂಡಿದರೆ ಹೋಗಬೇಕು.
ಎರಡೂ ಕೈಯ ಬೆರಳು ಹೆಣೆದು, ಬಿಡಿಸಿ, ತೋರಿಸಿದ:
"ಇಙ್ಙನೆ, ಸಿಸ್ಟರೇ."
ಒಂದು ಬೆರಳು ಅರ್ಧಕ್ಕೇ ಮುಗಿದಿತ್ತು.
ಅದನ್ನು ಹೊಲಿದವಳು ನಾನೇ.

ಮೊದಲ ದಿನ ಒಂದಕ್ಕೊಂದು ಕಚ್ಚಿಕೊಂಡು ನಿಂತವು.
ಗಾಳಿಗೆ ತೇವ ಬಂದಿದೆ, ಮರ ಉಬ್ಬಿದೆ ಅಂತ
ಒಂದೊಂದರ ಕೆನ್ನೆಯನ್ನೂ ಕೀಸಿ, ಮೇಣದಬತ್ತಿ ತಿಕ್ಕಿ,
ಎರಡು ನೂಲು ಸಂದು ಬಿಟ್ಟ.
ಸಡಿಲ ಬಿಡಲಿಕ್ಕೂ ಲೆಕ್ಕ ಉಂಟಂತೆ.

"ಎಷ್ಟು ಎಳೀಬೇಕು? ಒಬ್ಬರಿಗಾ, ಇಬ್ಬರಿಗಾ?"
ಗೋಣಿಕೊಪ್ಪದ ಬಸ್ಸು ಬಂದು, ಆಳು ಇಳಿಸಿ, ಹೋಗುವವರೆಗೆ
ಯೋಚಿಸಿದೆ.
ಒಂದೂವರೆ.
ಅರ್ಧ ಯಾರದ್ದೆಂದು ಕೇಳದೆ
ಮೂವತ್ತನಾಲ್ಕು ಇಂಚಿಗೆ ಗೆರೆ ಎಳೆದ.

"ಈಗ ಮಲಗಿ ನೋಡಿ."

ಹದಿನಾಲ್ಕು ವರ್ಷ ಈ ವ್ಯಾನಿನಲ್ಲಿ
ಕೂತಿದ್ದೆ, ನಿಂತಿದ್ದೆ, ಮಂಡಿಯೂರಿದ್ದೆ.
ಆನೆಚೌಕೂರು ಗೇಟಿನಾಚೆ
ರಸ್ತೆಗಡ್ಡ ನಿಂತ ಸಲಗ ಸರಿಯುವ ಮುಂಚೆ
ಚೆಲುವಿಯ ಮಗುವನ್ನು ಟಾರ್ಚಿನ ಬೆಳಕಲ್ಲಿ ಹಿಡಿದಿದ್ದೆ.
ಮಲಗಿರಲಿಲ್ಲ.
ಮಲಗಿದವರಿಗೆ ಹೇಳುತ್ತಿದ್ದೆ,
ಇಗೋ, ಹುಣಸೂರು ಬಂದೇ ಬಿಟ್ಟಿತು.
ಬಂದಿರುತ್ತಿರಲಿಲ್ಲ.

ಚಪ್ಪಲಿ ಬಿಟ್ಟು, ಸೆರಗು ಸರಿಮಾಡಿ, ಬೆನ್ನು ಚಾಚಿದೆ.
ಹಲಗೆ ಒಮ್ಮೆ ಕಿರ್ರೆಂದು ಸುಮ್ಮನಾಯಿತು.
ಮೇಲೆ ಗ್ಲೂಕೋಸ್ ಬಾಟಲಿಯ ಕೊಕ್ಕೆ,
ಪಕ್ಕದಲ್ಲಿ ಅಂಗೈಯಗಲ ತುಕ್ಕು.
ಎಡಗಡೆ, ಮಲಗಿದವರ ಕೈಗಷ್ಟೇ ಎಟಕುವಲ್ಲಿ
ಯಾರೋ ಉಗುರಿನಿಂದ ಬಣ್ಣ ಕೆರೆದು
ಗೀಟು ಹಾಕಿದ್ದಾರೆ, ಐದೈದರ ಕಟ್ಟು.
ರಸ್ತೆಯ ತಿರುವುಗಳಿರಬೇಕು. ಮತ್ತೇನು ಎಣಿಸಿಯಾರು ಇಲ್ಲಿ?
ನಲವತ್ತಮೂರಕ್ಕೆ ನಿಂತಿವೆ.
ಊರು ಬಂದು ನಿಂತವೋ,
ಮುಂಚೆಯೇ ನಿಂತವೋ.
ಪಕ್ಕದಲ್ಲೇ ಕೂತು ನಾಡಿ ಎಣಿಸುತ್ತಿದ್ದವಳು
ನಾನೇ ಅಲ್ಲವೇ.

"ಕೊಕ್ಕೆ ಕೊಯ್ದು ತೆಗೀಲಾ? ತಲೆಗೆ ತಾಗ್ತದೆ,"
ಆಚಾರಿ ಗರಗಸ ಎತ್ತಿದ್ದ.
ಇರಲಿ. ಒದ್ದೆ ಟವೆಲು ಎಲ್ಲಾದರೂ ಹಾಕಬೇಕಲ್ಲ.
ಗೋಡೆಗೆ ಪ್ಲೈವುಡ್?
ಈ ಕಡೆ ಬೇಡ.

ಏಳಿ, ಬೆಂಚು ಮಾಡಿ ತೋರಿಸ್ತೇನೆ, ಅಂದ.
ಐದು ನಿಮಿಷ, ಅಂದೆ.
ಹೊರಗಿನಿಂದ ಪಲ್ಪರ್ ನೀರಿನ ಹುಳಿ ವಾಸನೆ,
ಯಾರದೋ ಜೀಪು ಏರಿನಲ್ಲಿ ಗೇರು ಬದಲಿಸುವ ಸದ್ದು.
ಕಾಲ ಹೆಬ್ಬೆರಳಿಗೂ ಹಿಂಬಾಗಿಲಿಗೂ ನಡುವೆ
ಇನ್ನೂ ಒಂದು ಮೊಳ ಜಾಗ ಉಳಿದಿದೆ.
ಸ್ಟವ್ ಅಲ್ಲಿ ಹಿಡಿದೀತು.